ಎರಡು ತೆಂಗಿನ ನಡುವೆ ಒಂದು ತಂತಿ

ಉಡುಮಲೈಪೇಟೆಯಿಂದ ಅಮರಾವತಿ ಅಣೆಕಟ್ಟಿನ ಕಡೆ ಹೋಗುವ ರಸ್ತೆಯಲ್ಲಿ, ಮನೆಗಳ ಸಾಲು ಮುಗಿದು ತೆಂಗಿನ ತೋಪುಗಳು ಶುರುವಾಗುವಲ್ಲಿ, ದೇವರಾಜನ್ ತನ್ನ ಮನೆಯಲ್ಲೇ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡಿದ್ದ. ಸುತ್ತಲಿನ ಬಾವಿಗಳ ಪಂಪ್‌ಸೆಟ್ಟುಗಳೆಲ್ಲ ಒಂದಲ್ಲ ಒಂದು ಬೇಸಿಗೆಯಲ್ಲಿ ಅವನ ಕೈಗೆ ಬಂದು ಹೋದಂಥವೇ. ಕೈ ಚುರುಕು, ಕೆಲಸ ಅಚ್ಚುಕಟ್ಟು. ನಾಲಿಗೆ ಮಾತ್ರ ಚಿಕ್ಕಂದಿನಿಂದ ಅವನ ಮಾತು ಕೇಳಿದ್ದಿಲ್ಲ. ಮನೆಯ ಕನ್ನಡವಾದರೂ ಅಷ್ಟೆ, ಬೀದಿಯ ತಮಿಳಾದರೂ ಅಷ್ಟೆ, ಮೊದಲ ಅಕ್ಷರ ಗಂಟಲಲ್ಲಿ ಕಚ್ಚಿಕೊಂಡು ನಿಂತುಬಿಡುತ್ತಿತ್ತು. ಹಾಗಾಗಿ ಗಿರಾಕಿಗಳ ಜೊತೆಗಿನ ಮಾತೆಲ್ಲ ಹೆಂಡತಿ ಮಲ್ಲಿಗಾಳ ಪಾಲು. ಅವಳು ಮಾತಾಡುವಾಗ ಇವನು ಮೋಟಾರಿನ ಮೇಲೆ ಬಗ್ಗಿಕೊಂಡು ತಲೆಯಾಡಿಸುತ್ತಿದ್ದ.

ಮೋಟಾರಿನ ಸಾಮಾನು ತರಲು ಆಗಾಗ ಕೊಯಮತ್ತೂರಿಗೆ ಹೋಗುವುದಿತ್ತು. ಅಲ್ಲಿ ಸೋಮಸುಂದರಂ ಎಂಬ ಹಿರಿಯರೊಬ್ಬರ ರೇಡಿಯೋ ರಿಪೇರಿ ಅಂಗಡಿ. ಒಂದು ದಿನ ಅಂಗಡಿಯ ಹಿಂದಿನ ಕೋಣೆಯಿಂದ ಸಿಳ್ಳೆಯಂಥ ಸದ್ದು ತುಂಡುತುಂಡಾಗಿ ಕೇಳಿಸಿತು. ದೇವರಾಜನ್ ಇಣುಕಿ ನೋಡಿದ. ಸೋಮಸುಂದರಂ ಮೇಜಿನ ಮೇಲಿನ, ತಾರ್ ಆಫೀಸಿನಲ್ಲಿರುವಂಥ ಹಿತ್ತಾಳೆಯ ಕೀಲಿಯೊಂದನ್ನು ಬೆರಳಲ್ಲಿ ಒತ್ತುತ್ತ, ಬಿಡುತ್ತ ಕುಳಿತಿದ್ದರು. ಕೊಲಂಬೋದ ಸ್ನೇಹಿತನೊಬ್ಬನ ಜೊತೆ ಮಾತಾಡುತ್ತಿದ್ದೇನೆ ಅಂದರು. ಹವ್ಯಾಸಕ್ಕೆ ರೇಡಿಯೋ ನಡೆಸುವವರು ಊರೂರಲ್ಲೂ ಇದ್ದಾರೆ, ಸರ್ಕಾರವೇ ಲೈಸೆನ್ಸು ಕೊಡುತ್ತದೆ ಅಂತಲೂ ಹೇಳಿದರು.

"ಬಾ... ಬಾಯಿ?" ಅಂತ ದೇವರಾಜನ್ ಕಷ್ಟಪಟ್ಟು ಕೇಳಿದ.

"ಇದರಲ್ಲಿ ಬಾಯಿಗೆ ಕೆಲಸವೇ ಇಲ್ಲಪ್ಪಾ," ಅಂದರು ಅವರು. "ಬೆರಳಿದ್ದರೆ ಸಾಕು."

ಆ ಮಾತು ಅವನೊಳಗೆ ಬೇರು ಬಿಟ್ಟಿತು. ಎರಡು ವರ್ಷ ಅವರ ಹಿಂದೆ ಬಿದ್ದು, ಗಿಡ್ಡ ಉದ್ದ ಸದ್ದುಗಳಲ್ಲಿ ಅಕ್ಷರ ಕುಟ್ಟುವುದನ್ನು ಕಲಿತ. ಊಟಕ್ಕೆ ಕುಳಿತಾಗ ಚಮಚದಿಂದ ತಟ್ಟೆಯ ಅಂಚಿಗೆ ಕುಟ್ಟುತ್ತಿದ್ದ, ಬಸ್ಸಿನಲ್ಲಿ ಮುಂದಿನ ಸೀಟಿನ ಕಂಬಿಗೆ ಕುಟ್ಟುತ್ತಿದ್ದ. ಮದ್ರಾಸಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದ. ಲೈಸೆನ್ಸೂ ಬಂತು. ಹೊಸಬರು ಮೊದಮೊದಲು ಕೀಲಿ ಒತ್ತಿಯೇ ಮಾತಾಡಬೇಕು, ಬಾಯಿ ಮಾತಿಗೆ ಅನುಮತಿ ಆಮೇಲೆ ಎಂಬುದು ನಿಯಮ. ಬೇರೆಯವರೆಲ್ಲ ಇದಕ್ಕೆ ಗೊಣಗುತ್ತಿದ್ದರು. ದೇವರಾಜನಿಗೆ ಆ ನಿಯಮವನ್ನು ತನಗಾಗಿಯೇ ಯಾರೋ ಪುಣ್ಯಾತ್ಮರು ಮಾಡಿದಂತೆ ಕಂಡಿತು.

ಸಂದೇಶ ಕಳಿಸುವ ರೇಡಿಯೋ ಪೆಟ್ಟಿಗೆ ತಯಾರಾಯಿತು. ಇನ್ನು ಉಳಿದದ್ದು ಏರಿಯಲ್. ಅದಕ್ಕೆ ಅವನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ತಾಮ್ರದ ತಂತಿಗೇನು ಬರ. ಪೆಟ್ಟಿಗೆಯ ಹಿಂಬದಿಗೆ ಒಂದು ತುದಿ ಸಿಕ್ಕಿಸಿ, ಕಿಟಕಿಯಿಂದ ಹೊರಗೆ ಎಳೆದು, ಪಕ್ಕದ ಮನೆಯ ಹಂಚಿನ ಮೇಲಿಂದ ಹಾಯಿಸಿ, ಅವರ ಹಿತ್ತಲಿನ ನುಗ್ಗೆಮರಕ್ಕೆ ಕಟ್ಟಿದ. ಪಕ್ಕದ ಮನೆ ಪರರದೇನಲ್ಲ, ಸೋದರತ್ತೆ ಸುಬ್ಬಾತಾಳದು. ಗಂಡ ತೀರಿಹೋದ ಮೇಲೆ ಮನೆಯನ್ನೂ ಹಿಂದಿನ ತೆಂಗಿನ ತೋಪನ್ನೂ ಒಬ್ಬಳೇ ಆಳುತ್ತಿದ್ದ ಹೆಂಗಸು. ಅವಳ ಬಾಯಿಗೆ ಬೀದಿಯೇ ಹೆದರುತ್ತಿತ್ತು. ತಂತಿ ಕಟ್ಟುವಾಗ ಅವಳು ಸಂತೆಗೆ ಹೋಗಿದ್ದಳು. ಕೇಳಿಯೇ ಕಟ್ಟಬೇಕಾಗಿತ್ತು, ಕೇಳಲು ಮಾತಾಡಬೇಕಲ್ಲ ಎಂದು ಅವನು ಕೇಳಲಿಲ್ಲ.

ಕೊಡೈಕಾನಲ್ ಬೆಟ್ಟದ ಮೇಲೆ ಟಿವಿ ಟವರ್ ಎದ್ದಿದ್ದ ಕಾಲ ಅದು. ಬೀದಿಗೆಲ್ಲ ಒಂದೇ ಟಿವಿ, ಅದು ಸುಬ್ಬಾತಾಳ ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಪುರಾಣದ ಕಥೆ ಬರುವ ಹೊತ್ತಿಗೆ ಅವಳ ಜಗಲಿಯ ಮುಂದೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಕಥೆ ಹಿಂದಿಯಲ್ಲಿ. ಹಿಂದಿ ಯಾರಿಗೂ ಬಾರದು, ಕಥೆ ಎಲ್ಲರಿಗೂ ಗೊತ್ತು. ಸುಬ್ಬಾತಾಳ್ ಟಿವಿಗೆ ಕರ್ಪೂರ ಬೆಳಗಿ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂರುತ್ತಿದ್ದಳು.

ಅಂಗಡಿಗೆ ರಜೆ ಇರುವ ದಿನವೆಂದು ದೇವರಾಜನ್ ಮೊದಲ ಸಲ ಕೀಲಿ ಒತ್ತಿದ್ದೂ ಅಂಥದೇ ಒಂದು ಭಾನುವಾರ. ಅತ್ತ ಪರದೆಯ ಮೇಲೆ ದೇವರ ಮುಖಕ್ಕೆ ಅಡ್ಡಡ್ಡ ಗೀರು ಬಿತ್ತು. ಯಾರೋ ಓಡಿಹೋಗಿ ಟಿವಿ ಆಂಟೆನಾದ ಕಂಬ ತಿರುಗಿಸಿದರು. ಗೀರು ಹೋಯಿತು, ಮತ್ತೆ ಬಂತು. ಯಾರೋ ಟಿವಿಯ ತಲೆಗೆ ತಟ್ಟಿದರು. ಜನರ ನಡುವೆ ಕುಳಿತಿದ್ದ ಮಲ್ಲಿಗಾ ಮಾತ್ರ ಗೀರುಗಳನ್ನೇ ನೋಡಿದಳು. ಒಂದು ಗಿಡ್ಡ, ಒಂದು ಉದ್ದ, ಮತ್ತೆ ಗಿಡ್ಡ. ಎರಡು ವರ್ಷ ಊಟದ ತಟ್ಟೆಯ ಮೇಲೆ ಕೇಳಿಸಿಕೊಂಡ ತಾಳ ಅದು. ಅವಳು ಬಾಯಿಗೆ ಸೆರಗು ಅಡ್ಡ ಹಿಡಿದು ಮನೆಗೆ ಓಡಿದಳು. ಅವಳ ಹಿಂದೆಯೇ ಸುಬ್ಬಾತಾಳೂ ಬಂದಳು.

"ನನ್ನ ಸಾಮಿ ಮೊಕಕ್ಕೆ ಗೀರು ಎಳೀತಿದ್ದೋನು ನೀನೇನ್ಡಾ?" ಅಂತ ಬಾಗಿಲಲ್ಲೇ ಕೂಗಿದಳು. "ನನ್ನ ಮನೆ ಮ್ಯಾಲೆ ಕಂಬಿ, ನನ್ನ ಮುರುಂಗೆ ಮರಕ್ಕೆ ಗಂಟು! ಕೇಳೋಕೆ ಬಾಯಿ ಇಲ್ವಾ ನಿನಗೆ?"

ಬಾಯಿಯ ಮಾತು ಎತ್ತಿದ್ದು ಅವಳಿಗೇ ಚುರುಕ್ಕೆಂದಿತೋ ಏನೋ, ಅರ್ಧಕ್ಕೆ ನಿಂತು, ಸೆರಗು ಕೊಡವಿ ಹೊರಟುಹೋದಳು. ದೇವರಾಜನ್ ಅಂದೇ ಏಣಿ ಹಾಕಿ ತಂತಿ ಬಿಚ್ಚಿ ಸುರುಳಿ ಸುತ್ತಿಟ್ಟ.

ಅದಾದ ಮೇಲೆ ಅವನು ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಅದರ ಮೇಲೆ ಒಂದು ಟವೆಲ್ ಬಿತ್ತು, ಟವೆಲ್ಲಿನ ಮೇಲೆ ಧೂಳು ಬಿತ್ತು. ಮಲ್ಲಿಗಾ ಕೆಲವು ದಿನ ನೋಡಿದಳು. ಆ ಕಡೆಯ ಹೆಂಡತಿಯರಂತೆ ಅವಳೂ ಗಂಡನನ್ನು ಮಾಮಾ ಎಂದೇ ಕರೆಯುವುದು.

"ಮಾಮಾ, ಮೋಟಾರು ಸುಟ್ಟೋದ್ರೆ ಬಾವಿಗೆ ಎಸೀತಾರಾ? ಬಿಚ್ಚಿ ನೋಡ್ತಾರೆ ತಾನೆ? ಕೊಯಮತ್ತೂರಿಗೆ ಹೋಗಿ ಆ ದೊಡ್ಡೋರನ್ನ ಕೇಳ್ಕೊಂಡು ಬನ್ನಿ," ಅಂದಳು.

ಸೋಮಸುಂದರಂ ಎಲ್ಲ ಕೇಳಿ ನಕ್ಕರು. ತಾನೂ ಮೊದಲು ಹೀಗೇ ಮಾಡಿ ಮನೆ ಮಾಲೀಕರಿಂದ ಬೈಸಿಕೊಂಡವನು ಅಂದರು.

"ಒಂದೇ ಎಳೆ ತಂತಿ ಕಟ್ಟೋದು ಸುಲಭ," ಅಂತ ತಮಿಳಿನಲ್ಲಿ ವಿವರಿಸಿದರು. "ಆದರೆ ಅದರ ಒಂದು ತುದಿ ನಿನ್ನ ಮೇಜಿನ ಮೇಲೇ ಇರುತ್ತಲ್ಲ, ಆಕಾಶಕ್ಕೆ ಹೋಗಬೇಕಾದ್ದು ಮನೆಯೊಳಗೂ ಸುತ್ತಾಡುತ್ತೆ. ಅದರ ಮೇಲೆ ನೀನು ಅದನ್ನ ಟಿವಿಯ ನೆತ್ತಿ ಮೇಲೇ ಎಳೆದಿದ್ದೀಯ. ಬೈಯದೆ ಏನು ಮಾಡ್ತಾರೆ?"

ಆಮೇಲೆ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಚಿತ್ರ ಬರೆದರು. ತಂತಿಯನ್ನು ನಡುವೆ ಕತ್ತರಿಸಬೇಕು. ಎರಡು ಕಡೆಗೂ ಮೂವತ್ತಮೂರು ಅಡಿ, ತಕ್ಕಡಿಯ ಎರಡು ತೋಳಿನ ಹಾಗೆ. ಕತ್ತರಿಸಿದ ಕಡೆಯಿಂದ ಟಿವಿಗೆ ಹಾಕುವಂಥದೇ ಕಪ್ಪು ಕೇಬಲ್ ಇಳಿಸಿ ಮನೆಗೆ ತರಬೇಕು. ಆಗ ಕೆಲಸವೆಲ್ಲ ಮೇಲೆಯೇ ನಡೆಯುತ್ತದೆ, ಮನೆಯೊಳಗೆ ಶಾಂತಿ. ಇದಕ್ಕೆ ದೂರದೂರದ ಎರಡು ಎತ್ತರದ ಕಂಬ ಬೇಕು. ಇಲ್ಲವೆಂದರೆ ಒಂದೇ ಕಂಬ ನೆಟ್ಟು, ನಡುವನ್ನು ತುದಿಗೇರಿಸಿ, ಎರಡು ತೋಳನ್ನೂ ಸೂರಿನಂತೆ ಇಳಿಬಿಡಬಹುದು. ಪೆಟ್ಟಿಗೆಗೂ ಕೇಬಲ್ಲಿಗೂ ನಡುವೆ ತಗಡಿನ ಡಬ್ಬಿಯಲ್ಲಿ ನಾಲ್ಕು ಸುರುಳಿ ಇಡು, ಬೇಡದ ಅಲೆಯನ್ನೆಲ್ಲ ಅದು ಸೋಸುತ್ತದೆ ಎಂದು ಅದನ್ನೂ ಬರೆದುಕೊಟ್ಟರು.

"ಯಾವುದು ಒಳ್ಳೇದು ಅಂತ ನನ್ನ ಕೇಳಬೇಡ. ನಿನ್ನ ಜಾಗ ನೋಡಿ ನೀನೇ ಆರಿಸು. ಒಂದು ಮಾತು, ಮೋಟಾರು ತಂತಿ ಹಾಕಬೇಡ. ಅದು ಮೆತ್ತಗೆ, ಎಳೆದರೆ ಹಿಗ್ಗುತ್ತೆ."

ಬಸ್ಸಿನಲ್ಲಿ ದಾರಿಯುದ್ದಕ್ಕೂ ದೇವರಾಜನ್ ಇದನ್ನೇ ಯೋಚಿಸಿದ. ಒಂಟಿ ಕಂಬದ್ದಾದರೆ ತನ್ನ ಅಂಗಳದಲ್ಲೇ ಆಗುತ್ತದೆ, ಯಾರನ್ನೂ ಕೇಳಬೇಕಿಲ್ಲ. ಆದರೆ ಅಂಗಳವಿರುವುದೇ ಅಂಗೈಯಗಲ. ಇಳಿಬಿಟ್ಟ ಒಂದು ತೋಳು ಮತ್ತೆ ಅತ್ತೆಯ ಟಿವಿಯ ಕಡೆಗೇ ಬರುತ್ತದೆ. ಬಿದಿರು ನೆಟ್ಟರೆ ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ಅದು ನಿಲ್ಲುವುದೂ ಅನುಮಾನ. ದೂರದೂರಕ್ಕೆ ನಿಂತ, ಎತ್ತರದ, ಟಿವಿಗೆ ಬೆನ್ನು ಮಾಡಿದ ಕಂಬಗಳು ಕಣ್ಣೆದುರಿಗೇ ಇದ್ದವು. ಅವು ಸುಬ್ಬಾತಾಳ ತೋಪಿನ ತೆಂಗುಗಳು.

"ನೀ... ನೀನು ಕೇ... ಕೇಳ್ತೀಯಾ?" ಅಂದ ಮಲ್ಲಿಗಾಳನ್ನು.

ಅವಳು ಅಕ್ಕಿ ಆರಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಮೋಟಾರಿನ ಮಾತು ಎಷ್ಟು ಬೇಕಾದ್ರೂ ನಾ ಆಡ್ತೀನಿ. ಇದು ನಿಮ್ಮ ಆಸೆ ಮಾಮಾ. ಇದಕ್ಕೆ ನಾ ಬರೋಲ್ಲೆ."

ಮರುದಿನ ಬೆಳಿಗ್ಗೆ ಅವನು ತೋಪಿಗೆ ಹೋದ. ಸುಬ್ಬಾತಾಳ್ ಬಿದ್ದ ಗರಿಗಳನ್ನು ಒಟ್ಟುಮಾಡಿಸುತ್ತ ನಿಂತಿದ್ದಳು. ಮರಹತ್ತುವ ಮಾಯಣ್ಣ ಒಂದು ಪಕ್ಕದಲ್ಲಿ ಕತ್ತಿ ಮಸೆಯುತ್ತಿದ್ದ.

"ಅ... ಅತ್ತೆ... ತೆ... ತೆ..."

"ತೆಂಗಿನಕಾಯಿನಾ? ತಗೊಂಡೋಗು, ಯಾರು ಬ್ಯಾಡ ಅಂದ್ರು?"

ಅಲ್ಲವೆಂದು ತಲೆಯಾಡಿಸಿದ.

"ತೆರಿಗೆನಾ? ಕಟ್ಟಾಯ್ತು."

ಮತ್ತೆ ತಲೆಯಾಡಿಸಿದ. ಕಿವಿ ಬಿಸಿಯಾಯಿತು. ವಾಪಸು ಹೋಗಿಬಿಡೋಣ ಅನ್ನಿಸಿತು. ಕಾಲ ಬಳಿ ಒಂದು ಗರಿಯ ಕಡ್ಡಿ ಬಿದ್ದಿತ್ತು. ಅದನ್ನೆತ್ತಿಕೊಂಡು ಕುಕ್ಕರುಗಾಲಲ್ಲಿ ಕುಳಿತು, ಕೆಂಪು ಮಣ್ಣಿನ ಮೇಲೆ ಗೀಚಿದ. ಎರಡು ತೆಂಗಿನ ಮರ. ನಡುವೆ ಒಂದು ಗೆರೆ. ಗೆರೆಯ ನಡುವಿನಿಂದ ಕೆಳಕ್ಕೆ ಇನ್ನೊಂದು ಗೆರೆ, ಅದು ತನ್ನ ಮನೆಗೆ. ದೂರದಲ್ಲಿ ಒಂದು ಚೌಕ, ಚೌಕದೊಳಗೆ ಕಿರೀಟ ಹಾಕಿದ ಒಂದು ತಲೆ. ಅದು ಟಿವಿ. ತಂತಿಗೂ ಟಿವಿಗೂ ನಡುವಿನ ಬಯಲನ್ನು ಕಡ್ಡಿಯಿಂದ ಎರಡೆರಡು ಸಲ ತೋರಿಸಿದ.

ಸುಬ್ಬಾತಾಳ್ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಬಟ್ಟೆ ಒಣಗಾಕೋ ಕಂಬಿನಾ ಇದು?"

ಮಾಯಣ್ಣ ಕಿಸಕ್ಕನೆ ನಕ್ಕ. ದೇವರಾಜನಿಗೂ ನಗು ಬಂತು. ನಗು ಬಂದಾಗ ಗಂಟಲಿನ ಬಿಗಿ ಒಂದಿಷ್ಟು ಸಡಿಲುವುದು ಅವನ ಅನುಭವ. "ಮಾ... ಮಾತಾಡೋ ಕಂಬಿ ಅತ್ತೆ," ಅಂದ. "ಸಾಮಿಗೆ ಗೀ... ಗೀರು ಬರಲ್ಲ."

ಅವಳು ಆ ಕಿರೀಟದ ತಲೆಯನ್ನೇ ಸ್ವಲ್ಪ ಹೊತ್ತು ನೋಡಿದಳು. "ಮೊಳೆ ಹೊಡೀಬಾರ್ದು ನನ್ನ ಮರಕ್ಕೆ. ಹಗ್ಗ ಕಟ್ಟೋದಾದ್ರೆ ಕಟ್ಟು. ಭಾನುವಾರ ಒಂದು ಗೀರು ಬಂತೋ, ಮಾಯಣ್ಣನ ಕತ್ತೀಲಿ ನಾನೇ ಹತ್ತಿ ಕತ್ತರಿಸ್ತೀನಿ."

"ನೀವ್ ಹತ್ತೋದು ನಾನೂ ನೋಡಬೇಕು ಅಮ್ಮಣ್ಣಿ," ಅಂದ ಮಾಯಣ್ಣ.

ತಂತಿ ಕಟ್ಟುವ ದಿನ ಮಾಯಣ್ಣನೇ ಎರಡೂ ಮರ ಹತ್ತಿದ. ಮರಕ್ಕೆ ನೋವಾಗದಂತೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಮೇಲೆ ಹಗ್ಗ ಕಟ್ಟಿದ. ದೇವರಾಜನ್ ಕೆಳಗೆ ನಿಂತು ಎಳೆದು ಬಿಗಿ ಮಾಡಿದ. ಸೋಮಸುಂದರಂ ಬೇಡವೆಂದಿದ್ದರೂ ಅವನು ಮೋಟಾರು ತಂತಿಯನ್ನೇ ಹಾಕಿದ್ದ. ಕೈಯಲ್ಲಿರುವುದನ್ನು ಬಿಟ್ಟು ಬೇರೆಯದನ್ನು ಹುಡುಕಿಕೊಂಡು ಹೋಗಲು ಮನಸ್ಸು ಒಪ್ಪಿರಲಿಲ್ಲ. ಸಂಜೆಯ ಬಿಸಿಲಿಗೆ ಆ ಗೆರೆ ಕೆಂಪಗೆ ಹೊಳೆಯಿತು. ಎರಡು ಗಿಣಿ ಬಂದು ಕುಳಿತು ನೋಡಿ ಹೋದವು.

ತಮಿಳರ ಆಡಿ ತಿಂಗಳು, ಅಂದರೆ ಆಷಾಢ, ಶುರುವಾಗಿತ್ತು. ಮೂರನೇ ದಿನ ಗಾಳಿ ಎದ್ದಿತು. ತೆಂಗಿನ ತಲೆಗಳು ಒಂದು ಈ ಕಡೆ ಬಾಗಿದರೆ ಇನ್ನೊಂದು ಆ ಕಡೆ. ಎರಡರ ಜಗ್ಗಾಟದಲ್ಲಿ ತಂತಿ ಹಿಗ್ಗಿತು, ಜೋತುಬಿತ್ತು, ಕೊನೆಗೆ ಪಟ್ಟೆಂದು ಹರಿದು ಬಾಳೆಗಿಡದ ಮೇಲೆ ಬಿತ್ತು. ದೇವರಾಜನ್ ಬಾಗಿಲಲ್ಲಿ ನಿಂತು ನೋಡಿದ. ಬೇಸರವಾಯಿತು, ಆದರೆ ಮೊದಲಿನ ಬೇಸರದಂತಲ್ಲ. ಆಗ ತಪ್ಪು ಏನೆಂದೇ ತಿಳಿದಿರಲಿಲ್ಲ. ಈಗ ತಿಳಿದಿತ್ತು.

ಪೇಟೆಗೆ ಹೋಗಿ ಹಲವು ಎಳೆ ಹುರಿಮಾಡಿದ ಗಟ್ಟಿ ತಾಮ್ರದ ತಂತಿ ತಂದ. ಹೊಸ ತಂತಿಯಾದರೂ ಮರಗಳು ಜಗ್ಗುವುದು ನಿಲ್ಲುವುದಿಲ್ಲವಲ್ಲ. ಅದಕ್ಕೇನು ಮಾಡುವುದೆಂದು ಯೋಚಿಸುತ್ತ ಬಾವಿಕಟ್ಟೆಯ ಮೇಲೆ ಕುಳಿತ. ಬಾವಿಯ ರಾಟೆಯ ಮೇಲೆ ಹಗ್ಗ ಹಾದು, ಅದರ ತುದಿಗೆ ತುಂಬಿದ ಕೊಡ ತೂಗುತ್ತಿತ್ತು. ಮಲ್ಲಿಗಾ ಹಗ್ಗ ಸಡಿಲ ಬಿಟ್ಟರೆ ಕೊಡ ಇಳಿಯುತ್ತಿತ್ತು, ಎಳೆದರೆ ಏರುತ್ತಿತ್ತು. ಎರಡೂ ಹೊತ್ತು ಹಗ್ಗ ಮಾತ್ರ ನೆಟ್ಟಗೆ ಬಿಗಿಯಾಗಿಯೇ ಇತ್ತು. ದೇವರಾಜನ್ ಎದ್ದು ಹೋಗಿ ಹಳೆಯ ರಾಟೆಯೊಂದನ್ನು ಹುಡುಕಿ ತಂದ. ಒಂದು ಮರಕ್ಕೆ ಹಗ್ಗವನ್ನು ಬಿಗಿಯಾಗಿ ಕಟ್ಟುವುದು, ಇನ್ನೊಂದು ಮರಕ್ಕೆ ರಾಟೆ ಕಟ್ಟಿ ಅದರ ಮೇಲೆ ಹಗ್ಗ ಹಾಯಿಸಿ ತುದಿಗೆ ಭಾರ ತೂಗಬಿಡುವುದು. ಮರ ಎಷ್ಟು ಬಾಗಿದರೂ ಭಾರ ಏರಿಳಿಯುತ್ತದೆ, ತಂತಿಗೆ ಪೆಟ್ಟಿಲ್ಲ.

ಭಾರಕ್ಕೆ ಸರಿಯಾದ ಕಲ್ಲು ಸಿಗಲಿಲ್ಲ. ಮಲ್ಲಿಗಾಳ ತವರಿನಿಂದ ಬಂದ ಅಮ್ಮಿಕಲ್ಲಿನ ಗುಂಡು, ಮಸಾಲೆ ಅರೆಯುವಂಥದು, ಹಿತ್ತಿಲಲ್ಲಿ ಸುಮ್ಮನೆ ಬಿದ್ದಿತ್ತು. ಅದಕ್ಕೇ ಹಗ್ಗ ಬಿಗಿದ.

ಗಾಳಿಗೆ ಮರ ತೂಗಿದಂತೆಲ್ಲ ಗುಂಡು ನೆಲದಿಂದ ಆಳೆತ್ತರದಲ್ಲಿ ಮೆಲ್ಲಗೆ ಏರಿ ಇಳಿಯುವುದನ್ನು ಸುಬ್ಬಾತಾಳ್ ಬಂದು ನೋಡಿದಳು. "ಆಡಿ ಗಾಳಿಗೆ ಅಮ್ಮಿಕಲ್ಲೂ ಹಾರ್ತದೆ ಅಂತ ನಮ್ಮಜ್ಜಿ ಅಂತಿದ್ಳು," ಅಂತ ಹೊಟ್ಟೆ ಹಿಡಿದು ನಕ್ಕಳು. "ಗಾಳಿ ಹಾರಿಸೋಕೆ ಮುಂಚೆ ನೀನೇ ಹಾರಿಸಿಬಿಟ್ಟಲ್ಲೋ!"

ತಂತಿ ನಿಂತಿತು, ಕಪ್ಪು ಕೇಬಲ್ಲೂ ಸುರುಳಿಯ ಡಬ್ಬಿಯೂ ಸೇರಿದವು. ಇನ್ನು ಟಿವಿಯ ಪರೀಕ್ಷೆ. ಕಥೆ ಬರದ ಹೊತ್ತಿನಲ್ಲಿ ಮಾಡಿ ನೋಡೋಣವೆಂದು ದೇವರಾಜನ್ ಸನ್ನೆ ಮಾಡಿದರೆ ಸುಬ್ಬಾತಾಳ್ ಒಪ್ಪಲಿಲ್ಲ.

"ಭಾನುವಾರ ಹಾಳು ಮಾಡಿದ್ದು. ಭಾನುವಾರವೇ ಸರಿ ಮಾಡಿ ತೋರ್ಸು. ಎಲ್ಲರ ಮುಂದೆ ಆಗ್ಲಿ."

ಆ ಭಾನುವಾರ ಬೆಳಿಗ್ಗೆ ಅವನಿಗೆ ಇಡ್ಲಿ ಸೇರಲಿಲ್ಲ. ಪಕ್ಕದ ಮನೆಯಲ್ಲಿ ಶಂಖದ ಸದ್ದು, ಕಥೆಯ ಮೊದಲ ಹಾಡು. ಗೀರು ಬಂದರೆ ಕೂಗಿ ಹೇಳುತ್ತೇನೆಂದು ಹೋದ ಮಲ್ಲಿಗಾ ಆ ಮನೆಯ ಬಾಗಿಲಲ್ಲಿ ನಿಂತಿದ್ದಳು. ದೇವರಾಜನ್ ಟವೆಲ್ ತೆಗೆದು ಪೆಟ್ಟಿಗೆ ಹಚ್ಚಿದ. ಒಳಗಿನ ಗಾಜಿನ ವಾಲ್ವು ಕೆಂಪಗೆ ಬೆಚ್ಚಗಾಯಿತು. ಕೀಲಿಯ ಮೇಲೆ ಬೆರಳಿಟ್ಟು ಒಂದು ಸಲ ಒತ್ತಿ, ಬಿಟ್ಟು, ಕಿವಿಗೊಟ್ಟು ಕೇಳಿದ. ಮಲ್ಲಿಗಾ ಕೂಗಲಿಲ್ಲ. ಇನ್ನೊಂದು ಸಲ, ಉದ್ದಕ್ಕೆ ಒತ್ತಿದ. ಪಕ್ಕದ ಮನೆಯಲ್ಲಿ ಯುದ್ಧದ ವಾದ್ಯ ನಡೆದೇ ಇತ್ತು. ಆಗ ಅವನು ಧೈರ್ಯ ಮಾಡಿ, ಯಾರಾದರೂ ಇದ್ದೀರಾ ಎಂಬ ಕರೆಯನ್ನೂ ಅದರ ಹಿಂದೆ ಸರ್ಕಾರ ಕೊಟ್ಟ ತನ್ನ ಕರೆ ಹೆಸರನ್ನೂ ಪೂರ್ತಿ ಕುಟ್ಟಿದ. ಒಂದಕ್ಷರವೂ ಎಲ್ಲೂ ಕಚ್ಚಿಕೊಳ್ಳಲಿಲ್ಲ.

ಕುಟ್ಟಿದ್ದು ಪರೀಕ್ಷೆಗೆ. ಉತ್ತರ ಬರುತ್ತದೆಂದು ಅವನು ಎಣಿಸಿರಲಿಲ್ಲ. ಕಿವಿಯ ಮೇಲಿನ ಹೆಡ್‌ಫೋನಿನೊಳಗೆ, ಗರಗರ ಸದ್ದಿನ ನಡುವೆ, ಸಣ್ಣಗೆ, ಸ್ಪಷ್ಟವಾಗಿ ಅವನ ಕರೆ ಹೆಸರನ್ನೇ ಯಾರೋ ತಿರುಗಿ ಕುಟ್ಟಿದರು.

ಯಾರೆಂದು ಅವನು ಕುಟ್ಟಿ ಕೇಳಿದ. ಬಳ್ಳಾರಿಯಲ್ಲಿರುವ ನಿವೃತ್ತ ಮೇಷ್ಟರೊಬ್ಬರಂತೆ. ನಿಮ್ಮ ಸದ್ದು ಚೆನ್ನಾಗಿ ಬರುತ್ತಿದೆ, ಏನು ಏರಿಯಲ್ ಎಂದು ಕೇಳಿದರು. ಎರಡು ತೆಂಗಿನ ನಡುವೆ ತಂತಿ ಎಂದು ಇವನು ಹೇಳಿದ. ಊರು ಕೇಳಿದರು, ಹೇಳಿದ. ಹಾಗಾದರೆ ತಮಿಳರೋ ಎಂದರು. ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಅಜ್ಜನ ಅಜ್ಜನ ಕಾಲದಿಂದ ಇಲ್ಲಿಯವರೇ ಎಂದ. ಇಷ್ಟು ಉದ್ದದ ಮಾತನ್ನು ಹೊಸಬರೊಬ್ಬರ ಜೊತೆ ತಡೆಯಿಲ್ಲದೆ ಅವನು ಹುಟ್ಟಿದ ಮೇಲೆ ಆಡಿರಲಿಲ್ಲ.

ಅಲ್ಲಿಯವರೆಗೆ ಮಾತೆಲ್ಲ ತುಂಡು ಇಂಗ್ಲಿಷಿನಲ್ಲಿ ನಡೆದಿತ್ತು. ಆಮೇಲೆ ಆ ಕಡೆಯಿಂದ ಅದೇ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬಂದವು. ಅವನು ಬರೆದುಕೊಂಡ. ಅದಾವ ಇಂಗ್ಲಿಷ್ ಪದವೋ ಅರ್ಥವಾಗಲಿಲ್ಲ. ಮೆಲ್ಲಗೆ ಬಾಯಲ್ಲಿ ಓದಿಕೊಂಡು ನೋಡಿದ. ಊಟ. ಆತೇನ್ರಿ. ಊಟ ಆತೇನ್ರಿ!

ಕನ್ನಡದ ಲಿಪಿ ಅವನಿಗೆ ಗೊತ್ತಿರಲಿಲ್ಲ. ಅವನು ಕಲಿತ ಶಾಲೆಯಲ್ಲಿ ಅದಿರಲಿಲ್ಲ. ಮನೆಯ ಮಾತು ಹೀಗೆ ಕಾಗದದ ಮೇಲೆ ಕುಳಿತದ್ದನ್ನು ನೋಡಿದ್ದು ಇದೇ ಮೊದಲು. ಅದನ್ನೇ ನೋಡುತ್ತ ಕುಳಿತುಬಿಟ್ಟ.

ಅಷ್ಟರಲ್ಲಿ ಬಾಗಿಲಲ್ಲಿ ಸುಬ್ಬಾತಾಳ್ ನಿಂತಿದ್ದಳು. ಪಕ್ಕದ ಮನೆಯಲ್ಲಿ ಕಥೆ ಇನ್ನೂ ಮುಗಿದಿರಲಿಲ್ಲ. "ಏನ್ಡಾ, ಗೀರು ಬರ್ತದೆ, ಬರ್ತದೆ ಅಂತ ಕಾಯ್ತಾ ಕೂತಿದ್ದೀನಿ. ಇನ್ನೂ ಒತ್ತಲಿಲ್ವಾ?"

ದೇವರಾಜನ್ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿದ. "ಒ... ಒತ್ತುತಾನೇ ಇದೀನಿ ಅತ್ತೆ. ಆ... ಆಗಿಂದ."

ಅವಳು ಅವನನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು, ಕಿಟಕಿಯಾಚೆ ತೋಪಿನ ಕಡೆ ನೋಡಿದಳು. "ಯಾರದು ಆ ಕಡೆ?"

"ಬ... ಬಳ್ಳಾರಿಯೋರು. ಊಟ ಆ... ಆತೇನ್ರಿ ಅಂತಾರೆ."

"ಆತೇನ್ರಿನಾ? ಅದೆಂಥ ಕನ್ನಡವೋ!" ಅಂದಳು. ಆದರೂ ಮೋಟಾರು ಸುತ್ತುವ ಸ್ಟೂಲನ್ನು ಎಳೆದುಕೊಂಡು ಕುಳಿತಳು. "ಬೆಳಗ್ಗಿಂದ ಒಂದು ತುತ್ತು ತಿಂದಿಲ್ಲ ಅಂತ ನಿನ್ನ ಹೆಂಡ್ತಿ ಹೇಳಿದ್ಳು. ಆಗಿಲ್ಲ ಅನ್ನು, ಸುಳ್ಳಾಡಬ್ಯಾಡ. ಅವರದು ಆಯ್ತಾ ಅಂತ ಕೇಳು. ಮರ್ಯಾದೆ ಬ್ಯಾಡವಾ?"

ಅವನು ಕುಟ್ಟಿ ಕೇಳಿದ. ಉತ್ತರ ಬಂತು. ಅಕ್ಷರ ಅಕ್ಷರ ಕೂಡಿಸಿ, ತಡವರಿಸುತ್ತ, ಅತ್ತೆಗೆ ಓದಿ ಹೇಳಿದ. ಜೋಳದ ರೊಟ್ಟಿ, ಬದನೆಕಾಯಿ. ಅವಳು ಅವಸರ ಮಾಡದೆ ಪೂರ್ತಿ ಕೇಳಿದಳು.

"ನಮ್ಮ ಕಡೆಯೂ ಜೋಳ ಬಿತ್ತಾರೆ ಅಂತ ಹೇಳು. ರೊಟ್ಟಿ ತಟ್ಟೋದು ನಮಗೆ ಬರಾಕಿಲ್ಲ, ಅಂಬಲಿ ಥರ ಕೂಳು ಮಾಡ್ತೀವಿ ಅನ್ನು."

ಹೊರಗೆ ಕಥೆ ಮುಗಿದು ಜನ ಚಪ್ಪಲಿ ಹುಡುಕಿಕೊಳ್ಳುತ್ತಿದ್ದರು. ಒಂದು ಗೀರೂ ಬರಲಿಲ್ಲ ಮಾಮಾ, ಒಂದೂ ಬರಲಿಲ್ಲ ಎಂದು ಮಲ್ಲಿಗಾ ಕೂಗುತ್ತ ಅಂಗಳ ದಾಟಿ ಬಂದಳು. ದೇವರಾಜನ್ ತಲೆಯೆತ್ತಿ ನಕ್ಕು, ಕೂಳಿನ ವಿಷಯವನ್ನು ಬಳ್ಳಾರಿಗೆ ಕುಟ್ಟತೊಡಗಿದ.